ಅಂಚಿನ ಗುಳಿಗಳು

ಆ ಪ್ರಯೋಗಾಲಯದಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಹನಿಯಕ್ಕ. ದ್ರವ ಅಳೆದು ಹಾಕುವ ಪಿಪೆಟ್ ಹಿಡಿದಳೆಂದರೆ ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ. ಹೊಸ ಯಂತ್ರದ ಅಳತೆಯ ಮೇಲೆ ಯಾರಿಗಾದರೂ ಅನುಮಾನ ಬಂದರೆ ಹಳಬರು, "ಯಂತ್ರ ಬಿಡಿ, ಹನಿಯಕ್ಕನ ಕೈಲಿ ಒಂದ್ಸಲ ಹಾಕ್ಸಿ ನೋಡಿ" ಎನ್ನುತ್ತಿದ್ದರು. ಈ ಹೆಸರಿನ ಬಗ್ಗೆ ತಕರಾರಿದ್ದದ್ದು ಅವಳ ಅತ್ತೆಗೆ ಮಾತ್ರ. "ಅಲ್ಲಿ ಹನಿ ಹನಿ ಎಣಿಸ್ತಾಳಂತೆ. ಇಲ್ಲಿ ಹಾಲು ಉಕ್ಕಿ ಒಲೆ ತುಂಬ ಹರಿದ್ರೂ ಇವಳಿಗೆ ಗೊತ್ತಾಗಲ್ಲ."

ಆಸ್ಪತ್ರೆಯ ಹಿಂಭಾಗದ ಕಟ್ಟಡದ ಎರಡನೇ ಮಹಡಿಯಲ್ಲಿ ಹದಿನಾಲ್ಕು ವರ್ಷದಿಂದ ಅವಳ ಕೆಲಸ. ಕಡೆಯ ಮೂರು ವರ್ಷ ಒಂದೇ ಅಧ್ಯಯನ. ಮೂತ್ರಪಿಂಡದ ಒಂದು ಕಾಯಿಲೆಯಿದೆ. ಕೆಲವರಲ್ಲಿ ಅದು ಹತ್ತಾರು ವರ್ಷ ತೆಪ್ಪಗಿರುತ್ತದೆ, ಕೆಲವರಲ್ಲಿ ಎರಡೇ ವರ್ಷದಲ್ಲಿ ಎರಡೂ ಮೂತ್ರಪಿಂಡಗಳನ್ನು ತಿಂದುಹಾಕುತ್ತದೆ. ಮೊದಲ ದಿನ ನೋಡಿದರೆ ಇಬ್ಬರೂ ಒಂದೇ ಥರ ಕಾಣುತ್ತಾರೆ. ಯಾರದು ಯಾವ ದಾರಿ ಎಂದು ಮುಂಚಿತವಾಗಿ ಹೇಳಬಲ್ಲ ಒಂದು ಪ್ರೋಟೀನು ರಕ್ತದಲ್ಲಿದೆ ಎಂದು ಅಲ್ಲಿನ ಮುಖ್ಯ ವೈದ್ಯೆ, ಎಲ್ಲರ ಬಾಯಲ್ಲಿ ಡಾಕ್ಟ್ರಮ್ಮ, ಹನ್ನೊಂದು ವರ್ಷದ ಹಿಂದೆಯೇ ಗುರುತಿಸಿದ್ದರು. ಈಗ ಅದನ್ನು ರೋಗಿಗಳ ಮೇಲೆ ಸಾಬೀತು ಮಾಡುವ ಹೊತ್ತು. ಆ ಪ್ರೋಟೀನಿನ ಅಂಕಿ ನೂರಿಪ್ಪತ್ತು ದಾಟಿದವರಿಗೆ ತಿಂಗಳಿಗೊಮ್ಮೆ ರಕ್ತನಾಳದಲ್ಲಿ ಜೋರಾದ ಔಷಧಿ. ದಾಟದವರಿಗೆ ಮಾಮೂಲಿ ಮಾತ್ರೆ. ಜೋರಾದ ಔಷಧಿ ಕಾಯಿಲೆಯನ್ನು ಹಿಡಿದು ನಿಲ್ಲಿಸುತ್ತದೆ, ಆದರೆ ಮೈಯ ಕಾವಲನ್ನೂ ಮಲಗಿಸಿಬಿಡುತ್ತದೆ. ಬೇಡದವರಿಗೆ ಕೊಟ್ಟರೆ ಲಾಭವಿಲ್ಲ, ಅಪಾಯ ಪೂರ್ತಿ ಇದೆ.

ಆ ಅಂಕಿ ಹುಟ್ಟುತ್ತಿದ್ದದ್ದು ಹನಿಯಕ್ಕನ ಕೈಯಲ್ಲಿ. ಅಂಗೈಯಗಲದ ಒಂದು ಪ್ಲಾಸ್ಟಿಕ್ ಪ್ಲೇಟು, ಅದರಲ್ಲಿ ಎಂಟು ಸಾಲು, ಸಾಲಿಗೆ ಹನ್ನೆರಡರಂತೆ ತೊಂಬತ್ತಾರು ಪುಟ್ಟ ಗುಳಿಗಳು. ಪ್ರತಿಯೊಬ್ಬ ರೋಗಿಯ ಸೀರಂ ಅನ್ನು, ಅಂದರೆ ರಕ್ತದಿಂದ ಬೇರ್ಪಡಿಸಿದ ತಿಳಿಯನ್ನು, ಅಕ್ಕಪಕ್ಕದ ಎರಡು ಗುಳಿಗಳಲ್ಲಿ ಹಾಕಬೇಕು. ಎರಡರ ಅಂಕಿಯೂ ಹೊಂದಿದರೆ ಸರಿ, ಇಲ್ಲವಾದರೆ ಮತ್ತೆ ಮಾಡಬೇಕು. ಅಳತೆ ಮೊದಲೇ ಗೊತ್ತಿರುವ ದ್ರವಗಳನ್ನು ಪ್ಲೇಟಿನ ನಡುವೆ ಹಾಕುವುದು ಅಲ್ಲಿನ ರೂಢಿ. ಅವು ತಪ್ಪಿದರೆ ಇಡೀ ಪ್ಲೇಟು ಕಸದ ಬುಟ್ಟಿಗೆ. ಆಮೇಲೆ ಮೇಲೊಂದು ಅಂಟುವ ತೆಳುಹಾಳೆ ಎಳೆದು, ಮೈಶಾಖದಷ್ಟೇ ಬೆಚ್ಚಗಿರುವ ಇನ್‌ಕ್ಯುಬೇಟರ್‌ನಲ್ಲಿ ಇಡಬೇಕು. ಕೊನೆಗೆ ಬಣ್ಣ ಬರುತ್ತದೆ. ಹಳದಿ ಗಾಢವಾದಷ್ಟೂ ಅಂಕಿ ದೊಡ್ಡದು. ರೋಗಿ ಯಾರೆಂದು ಅವಳಿಗೆ ಗೊತ್ತಿರುತ್ತಿರಲಿಲ್ಲ, ಗೊತ್ತಾಗಲೂಬಾರದು. ಟ್ಯೂಬಿನ ಮೇಲೆ ಒಂದು ನಂಬರು, ಅಷ್ಟೇ.

ನಡೆದದ್ದು ಒಂದು ಸೋಮವಾರ ಬೆಳಿಗ್ಗೆ.

ಅಧ್ಯಯನದ ಲೆಕ್ಕಾಚಾರ ನೋಡಿಕೊಳ್ಳುತ್ತಿದ್ದ ತಜ್ಞರಿಗೆ ಅಂಕಿ ಮೇಷ್ಟ್ರು ಎಂದು ಹೆಸರು. ಹಳೆಯ ಸ್ಯಾಂಪಲ್‌ಗಳಲ್ಲಿ ಹತ್ತಕ್ಕೊಂದನ್ನು ಆರಿಸಿ ಮತ್ತೊಮ್ಮೆ ಪರೀಕ್ಷೆ ಮಾಡಿಸುವುದು ಅವರ ಪದ್ಧತಿ. ಆ ಸಲ ಕೊಟ್ಟ ಪಟ್ಟಿಯ ಫಲಿತಾಂಶ ಶುಕ್ರವಾರ ಸಂಜೆಯೇ ಬಂದಿತ್ತು. ಹಳೆಯ ಅಂಕಿಯ ಪಕ್ಕ ಹೊಸ ಅಂಕಿ ಬರೆಯಲು ಸೋಮವಾರ ಕೂತಳು. ಹದಿನೇಳು ಜೋಡಿ ಚೆನ್ನಾಗಿ ಹೊಂದಿದವು. ಹದಿನೆಂಟನೆಯದು ನಲವತ್ತೇಳನೇ ನಂಬರು. ನಾಲ್ಕು ತಿಂಗಳ ಹಿಂದೆ ಇನ್ನೂರ ಹನ್ನೆರಡು. ಈಗ ಅರವತ್ತನಾಲ್ಕು.

ಟ್ಯೂಬು ಅದಲುಬದಲಾಗಿರಬೇಕು ಎಂದುಕೊಂಡಳು. ಫ್ರೀಜರ್ ತೆರೆದು, ಹೊಗೆಯಂಥ ಚಳಿಯೊಳಗೆ ಕೈಹಾಕಿ, ಪೆಟ್ಟಿಗೆ ಹೊರತೆಗೆದು ನೋಡಿದಳು. ಟ್ಯೂಬು ತನ್ನ ಜಾಗದಲ್ಲೇ ಇತ್ತು, ಚೀಟಿಯೂ ಅದರದೇ. ಪಟ್ಟಿಯಲ್ಲಿ ಮುಂದಕ್ಕೆ ಹೋದಳು. ಇಪ್ಪತ್ತೆರಡನೆಯ ಸಾಲಿನಲ್ಲಿ ಐವತ್ಮೂರನೇ ನಂಬರು. ಆಗ ನೂರ ಎಪ್ಪತ್ತು, ಈಗ ಎಂಬತ್ತೊಂಬತ್ತು.

ಒಂದು ತಪ್ಪಿದರೆ ಅಪರೂಪ. ಎರಡು ತಪ್ಪಿದರೆ ಏನೋ ಇದೆ. ಕಪಾಟಿನಿಂದ ಹಳೆಯ ಪ್ಲೇಟುಗಳ ನಕ್ಷೆ ತೆಗೆದಳು. ಯಾವ ಗುಳಿಯಲ್ಲಿ ಯಾವ ನಂಬರು ಎಂದು ಬರೆದಿಡುವ ಹಾಳೆಗಳು ಅವು. ನಲವತ್ತೇಳು, ಕೆಳಗಿನ ಕೊನೆಯ ಸಾಲು. ಐವತ್ಮೂರು, ಮೇಲಿನ ಮೊದಲ ಸಾಲು. ಎರಡೂ ಪ್ಲೇಟುಗಳ ತಾರೀಖು ನೋಡಿದ ಕೂಡಲೇ ಅವಳು ಸ್ಟೂಲಿನ ಮೇಲೆ ಕೂತಳು.

ಆ ತಾರೀಖುಗಳು ಅವಳಿಗೆ ಗೊತ್ತಿದ್ದವು. ಅಂಟುಹಾಳೆ ಮುಗಿದುಹೋಗಿದ್ದ ಆರು ವಾರ ಅವು.

ಉಗ್ರಾಣಕ್ಕೆ ಮೂರು ಸಲ ಬೇಡಿಕೆ ಬರೆದುಕೊಟ್ಟಿದ್ದಳು. "ಬರುತ್ತೆ ಅಕ್ಕ, ಮುಂದಿನ ವಾರ" ಎಂದು ಉಗ್ರಾಣದವನು ಮೂರು ಸಲವೂ ಹೇಳಿದ್ದ. ರೋಗಿಗಳು ಕಾಯುತ್ತಿದ್ದರು. ಕೆಲಸ ನಿಲ್ಲಿಸಿದರೆ ಡಾಕ್ಟ್ರಮ್ಮನ ಮುಖ ನೋಡುವ ಧೈರ್ಯ ಅವಳಿಗಿರಲಿಲ್ಲ. ಪ್ಲೇಟಿನ ಜೊತೆ ಬರುವ ಸಡಿಲ ಮುಚ್ಚಳ ಇತ್ತಲ್ಲ, ಅದನ್ನೇ ಮುಚ್ಚಿ ಒಳಗಿಟ್ಟಳು. ಒಂದಲ್ಲ, ಮೂರು ಪ್ಲೇಟು. ನಡುವಿನ ದ್ರವಗಳು ಸರಿಯಾದ ಅಂಕಿಯನ್ನೇ ಕೊಟ್ಟಿದ್ದವು, ಜೋಡಿಗಳು ಹೊಂದಿದ್ದವು, ಯಾರಿಗೂ ಏನೂ ಅನ್ನಿಸಿರಲಿಲ್ಲ. ಆಮೇಲೆ ಹಾಳೆ ಬಂತು. ಅವಳು ಆ ಸಂಗತಿಯನ್ನು ಯಾರಿಗೂ ಹೇಳಲಿಲ್ಲ, ಎಲ್ಲೂ ಬರೆಯಲಿಲ್ಲ.

ಈಗ ತಿಳಿಯಿತು. ಸಡಿಲ ಮುಚ್ಚಳದಡಿ ಅಂಚಿನ ಗುಳಿಗಳು ಬೇಗ ಬಿಸಿಯಾಗಿ ಒಣಗಿವೆ. ಒಣಗಿದ ಗುಳಿಯಲ್ಲಿ ದ್ರವ ಗಟ್ಟಿಯಾಗಿ ಬಣ್ಣ ಏರಿದೆ. ಜೋಡಿ ಗುಳಿಗಳೆರಡೂ ಒಂದೇ ಅಂಚಿನಲ್ಲಿದ್ದದ್ದರಿಂದ ಎರಡೂ ಸೇರಿ ಒಂದೇ ಸುಳ್ಳು ಹೇಳಿವೆ. ನಡುವೆ ಬೆಚ್ಚಗೆ ಕೂತಿದ್ದ ದ್ರವಗಳಿಗೆ ಅಂಚಿನಲ್ಲಿ ಏನಾಗುತ್ತಿದೆ ಎಂಬುದೇ ಗೊತ್ತಿಲ್ಲ.

ಮೊದಲು ಬಂದ ಯೋಚನೆ ಒಳ್ಳೆಯದಾಗಿರಲಿಲ್ಲ. ಅದನ್ನು ಅವಳೇ ಆಮೇಲೆ ಒಪ್ಪಿಕೊಂಡಳು. ಇಪ್ಪತ್ತೈದರಲ್ಲಿ ಎರಡು ತಾನೆ, ‘ಸ್ಯಾಂಪಲ್ ಕೆಟ್ಟಿದೆ’ ಎಂದು ಷರಾ ಬರೆದರೆ ಅಂಕಿ ಮೇಷ್ಟ್ರು ತಲೆಯಾಡಿಸಿ ಮುಂದೆ ಹೋಗುತ್ತಾರೆ. ಪೆನ್ನು ಕೈಯಲ್ಲಿತ್ತು. ‘ಸ್ಯಾಂ’ ಎಂದು ಬರೆದೂ ಆಗಿತ್ತು.

ಅಷ್ಟರಲ್ಲಿ ಫೋನು. ವಾರ್ಡಿನ ಸಿಸ್ಟರ್.

"ಹನಿಯಕ್ಕ, ನಲವತ್ತೇಳರದ್ದು ಇನ್ನೊಂದು ಟ್ಯೂಬ್ ಕಳಿಸ್ತಾ ಇದೀನಿ. ಇವತ್ತು ನಾಲ್ಕನೇ ಡೋಸ್ ಅವನಿಗೆ. ಡೋಸಿಗೆ ಮುಂಚಿನ ರಕ್ತ."

"ನಲವತ್ತೇಳಾ?"

"ಹೂಂ. ಯಾರು ಅಂತ ನಿಮಗೆ ಹೇಳಬಾರದು, ಕರೆಂಟ್ ಕಂಬ ಹತ್ತೋ ಲೈನ್‌ಮ್ಯಾನ್. ಪಾಪ, ನಾಲ್ಕು ದಿನದಿಂದ ಜ್ವರ. ಮಲಗಿದಲ್ಲೇ ಇದಾನೆ."

ಹನಿಯಕ್ಕ ಪೆನ್ನು ಕೆಳಗಿಟ್ಟಳು. "ಜ್ವರ ಇರುವಾಗ ಡೋಸ್ ಕೊಡ್ತಾರಾ?"

"ಎಕ್ಸ್‌ರೇಲಿ ಏನೂ ಇಲ್ಲ, ರಕ್ತದಲ್ಲೂ ಸೋಂಕಿಲ್ಲ ಅಂತ ರಿಪೋರ್ಟ್ ಬಂದಿದೆ. ಅಂಕಿ ಇನ್ನೂರು ದಾಟಿದೆಯಲ್ಲ, ಕಾಯಿಲೆನೇ ಕೆರಳಿರೋದು ಅಂತಾರೆ ಡಾಕ್ಟ್ರು. ಸಂಜೆ ನಾಲ್ಕಕ್ಕೆ ಶುರು."

ಫೋನಿಟ್ಟಾಗ ಗೋಡೆಯ ಗಡಿಯಾರದಲ್ಲಿ ಒಂಬತ್ತೂಕಾಲು.

ತಕ್ಷಣ ಓಡಿಹೋಗಿ ಹೇಳಬಹುದಿತ್ತು. ಆದರೆ ಹೇಳುವುದೇನನ್ನು? ಅವಳ ಊಹೆ ತಪ್ಪಾಗಿದ್ದರೆ, ನಿಜಕ್ಕೂ ಅಂಕಿ ಇನ್ನೂರು ದಾಟಿದ್ದರೆ, ಇವಳ ಮಾತು ಕೇಳಿ ಔಷಧಿ ನಿಲ್ಲಿಸಿದ ಮನುಷ್ಯನ ಮೂತ್ರಪಿಂಡ ಹೋಗುತ್ತದೆ. ಪರೀಕ್ಷೆ ಮುಗಿಯಲು ಐದು ಗಂಟೆ. ಈಗಲೇ ಶುರು ಮಾಡಿದರೆ ಎರಡೂವರೆಗೆ ಉತ್ತರ ಸಿಗುತ್ತದೆ.

‘ಸ್ಯಾಂ’ ಎಂದು ಬರೆದಿದ್ದ ಅಕ್ಷರದ ಮೇಲೆ ಗೆರೆ ಎಳೆದು ಎದ್ದಳು.

ಎರಡು ಪ್ಲೇಟು ತೆಗೆದಳು. ನಲವತ್ತೇಳರ ಸೀರಂ ಅನ್ನು ಎರಡರಲ್ಲೂ ನಡುವೆ ನಾಲ್ಕು ಕಡೆ, ಅಂಚಿನಲ್ಲಿ ನಾಲ್ಕು ಕಡೆ ಹಾಕಿದಳು. ಐವತ್ಮೂರನ್ನೂ ಹಾಗೇ. ಆ ಮೂರು ಪ್ಲೇಟುಗಳ ಅಂಚಿನಲ್ಲಿದ್ದ ಬೇರೆ ಟ್ಯೂಬುಗಳಲ್ಲಿ ಕೈಗೆ ಸಿಕ್ಕ ಆರನ್ನೂ ಸೇರಿಸಿದಳು. ಒಂದು ಪ್ಲೇಟಿಗೆ ಅಂಟುಹಾಳೆ ಎಳೆದು ಬೆರಳಿನಿಂದ ಒತ್ತಿದಳು. ಇನ್ನೊಂದಕ್ಕೆ ಬರೀ ಮುಚ್ಚಳ, ಆ ಆರು ವಾರ ಮಾಡಿದ ಹಾಗೆಯೇ. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವಳು ಹನಿ ಹಾಕಿದ ಒಂದು ಗುಳಿಯಲ್ಲಿ ಗುಳ್ಳೆ ಬಂತು. ತೊಳೆದು ಮತ್ತೆ ಹಾಕಿದಳು.

ಇನ್‌ಕ್ಯುಬೇಟರ್ ಬಾಗಿಲು ಮುಚ್ಚಿದ ಮೇಲೆ ಮಾಡುವುದಕ್ಕೆ ಏನೂ ಇರಲಿಲ್ಲ. ಹಳೆಯ ನಕ್ಷೆಗಳನ್ನು ಹರಡಿಕೊಂಡು ಕೆಂಪು ಪೆನ್ಸಿಲಿನಿಂದ ಅಂಚಿನ ನಂಬರುಗಳಿಗೆ ಸುತ್ತು ಹಾಕುತ್ತ ಹೋದಳು. ಒಟ್ಟು ಇಪ್ಪತ್ನಾಲ್ಕು ಸುತ್ತು. ಅವುಗಳಲ್ಲಿ ಹದಿಮೂರು, ಔಷಧಿ ಆಗಲೇ ಗೊತ್ತಾಗಿದ್ದ ಹಳಬರವು; ಹೊಸದಾಗಿ ಸೇರಿದ ರೋಗಿಗಳು ಹನ್ನೊಂದು ಜನ. ಹನ್ನೊಂದರಲ್ಲಿ ಒಂಬತ್ತು ಜನರ ಅಂಕಿ ನೂರಿಪ್ಪತ್ತು ದಾಟಿತ್ತು. ನಡುವಿನ ಗುಳಿಗಳಲ್ಲಿದ್ದ ಹೊಸಬರಲ್ಲಿ ದಾಟಿದವರು ನಾಲ್ಕಕ್ಕೊಬ್ಬರೂ ಇರಲಿಲ್ಲ. ಇದನ್ನು ನೋಡಲು ಲೆಕ್ಕದ ಪಂಡಿತರೇ ಬೇಕಿರಲಿಲ್ಲ.

ಹನ್ನೊಂದೂವರೆಗೆ ಡಾಕ್ಟ್ರಮ್ಮನ ಕೋಣೆಗೆ ಹೋಗಿ ನೋಡಿದಳು. ಬೀಗ. "ಮುಂದಿನ ಕಟ್ಟಡದಲ್ಲಿ ಮೀಟಿಂಗು. ಹೊರಗಿನಿಂದ ದೊಡ್ಡವರು ಬಂದಿದಾರೆ, ಅಧ್ಯಯನ ಇನ್ನೂ ಮೂರು ಊರಿಗೆ ಹರಡಬೇಕೋ ಬೇಡವೋ ಅಂತ ಇವತ್ತೇ ತೀರ್ಮಾನ. ಸಂಜೆವರೆಗೆ ಯಾರೂ ಒಳಗೆ ಹೋಗೋ ಹಾಗಿಲ್ಲ" ಎಂದ ಬಾಗಿಲ ಬಳಿಯ ಗುಮಾಸ್ತ.

ಮಧ್ಯಾಹ್ನ ಊಟದ ಡಬ್ಬಿ ತೆರೆಯಲಿಲ್ಲ. ಒಂದು ಗಂಟೆಗೆ ಪ್ಲೇಟು ಹೊರತೆಗೆದು ತೊಳೆದು ಎರಡನೆಯ ದ್ರವ ಹಾಕಿದಳು. ಎರಡು ಗಂಟೆ ಹತ್ತು ನಿಮಿಷಕ್ಕೆ ಬಣ್ಣದ ದ್ರವ. ಮೊದಲು ಎಲ್ಲ ನೀರಿನ ಹಾಗಿತ್ತು. ಆಮೇಲೆ ನಿಧಾನವಾಗಿ ತಿಳಿಹಳದಿ. ಹಾಳೆ ಹಾಕಿದ್ದ ಪ್ಲೇಟಿನಲ್ಲಿ ನಲವತ್ತೇಳರ ಎಂಟು ಗುಳಿಗಳೂ ಒಂದೇ ತೆಳುಬಣ್ಣಕ್ಕೆ ನಿಂತವು. ಬರೀ ಮುಚ್ಚಳವಿದ್ದ ಪ್ಲೇಟಿನಲ್ಲಿ ನಡುವಿನ ನಾಲ್ಕು ತೆಳು, ಅಂಚಿನ ನಾಲ್ಕು ಗಾಢ. ಬಣ್ಣ ಅಳೆಯುವ ರೀಡರ್ ಯಂತ್ರದ ಅಂಕಿಗೆ ಕಾಯದೆಯೇ ಅವಳಿಗೆ ಗೊತ್ತಾಗಿತ್ತು. ಆದರೂ ಕಾಯ್ದಳು. ನಡುವೆ ಅರವತ್ತೊಂದು, ಅರವತ್ಮೂರು. ಹಾಳೆಯಿಲ್ಲದ ಅಂಚಿನಲ್ಲಿ ನೂರ ತೊಂಬತ್ತೆಂಟು, ಇನ್ನೂರ ಐದು.

ಎರಡೂಮುಕ್ಕಾಲಿಗೆ ಕಾಗದ ಹಿಡಿದು ಮೆಟ್ಟಿಲಿಳಿದಳು. ಎರಡು ಕಟ್ಟಡಗಳ ನಡುವಿನ ಅಂಗಳ ಇನ್ನೂರು ಹೆಜ್ಜೆ ಇದ್ದೀತು, ಅವತ್ತು ಮುಗಿಯಲೇ ಇಲ್ಲ. ಮೀಟಿಂಗ್ ಕೋಣೆಯ ಹೊರಗೆ ಜವಾನ ಅಡ್ಡ ನಿಂತ.

"ಒಳಗೆ ಬಿಡೋ ಹಾಗಿಲ್ಲ ಅಕ್ಕ. ನನ್ನ ಕೆಲಸಕ್ಕೆ ಕುತ್ತು ಬರುತ್ತೆ."

"ನನ್ನ ಕೆಲಸ ಆಗ್ಲೇ ಹೋಗಿದೆ ಅಂದ್ಕೋ. ಪಕ್ಕಕ್ಕೆ ಬಾ."

ಒಳಗೆ ಉದ್ದನೆಯ ಮೇಜಿನ ಸುತ್ತ ಹತ್ತು ಹನ್ನೆರಡು ಜನ. ಪರದೆಯ ಮೇಲೆ ಏರುತ್ತಿರುವ ಒಂದು ಗೆರೆ. ಡಾಕ್ಟ್ರಮ್ಮ ನಿಂತು ಮಾತಾಡುತ್ತಿದ್ದರು. ಬಿಳಿ ಏಪ್ರನ್ನಿನಲ್ಲೇ ಬಂದು ನಿಂತ ಹನಿಯಕ್ಕನನ್ನು ನೋಡಿ ಅವರ ಹುಬ್ಬು ಗಂಟಾಯಿತು.

"ಏನಿದು? ಆಮೇಲೆ ಬಾ."

"ಆಮೇಲೆ ಆಗಲ್ಲ ಮೇಡಂ. ನಾಲ್ಕು ಗಂಟೆಗೆ ನಲವತ್ತೇಳನೇ ನಂಬರಿಗೆ ಡೋಸ್ ಹಾಕ್ತಾರೆ. ಹಾಕಬಾರದು. ಅವರ ಅಂಕಿ ತಪ್ಪು. ತಪ್ಪು ಮಾಡಿದ್ದು ನಾನು."

ಡಾಕ್ಟ್ರಮ್ಮ ಕಾಗದ ತೆಗೆದುಕೊಂಡರು. ಹನಿಯಕ್ಕ ನಾಲ್ಕೇ ಮಾತಿನಲ್ಲಿ ಹೇಳಿದಳು: ಹಾಳೆ ಮುಗಿದಿತ್ತು, ಬರೀ ಮುಚ್ಚಳ ಹಾಕಿದೆ, ಅಂಚು ಒಣಗಿದೆ, ಇವತ್ತು ಮತ್ತೆ ಮಾಡಿ ನೋಡಿದೆ.

ಡಾಕ್ಟ್ರಮ್ಮನಿಗೆ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ. ಕಾಗದದ ಮೇಲಿಂದ ಕೆಳಗೆ ಒಮ್ಮೆ ಕಣ್ಣಾಡಿಸಿದರು.

"ನಿನಗೆ ಖಾತ್ರಿನಾ?"

"ಎರಡು ಪ್ಲೇಟಲ್ಲಿ, ಹದಿನಾರು ಗುಳಿಲಿ ನೋಡಿದೀನಿ ಮೇಡಂ."

ಅವರು ಮೇಜಿನ ಮೇಲಿದ್ದ ಫೋನನ್ನೇ ಎಳೆದುಕೊಂಡು ವಾರ್ಡಿಗೆ ಹೇಳಿದರು: "ನಲವತ್ತೇಳರ ಡೋಸ್ ನಿಲ್ಲಿಸಿ. ತಯಾರಾಗಿದ್ರೆ ಚೆಲ್ಲಿ. ಈಗಲೇ ಎದೆ ಸ್ಕ್ಯಾನ್ ಮಾಡ್ಸಿ. ಹೌದು, ಎಕ್ಸ್‌ರೇ ಆಗಿದೆ ಅಂತ ನನಗೂ ಗೊತ್ತು, ಸ್ಕ್ಯಾನ್ ಮಾಡ್ಸಿ." ಫೋನಿಟ್ಟು, ಬಂದಿದ್ದ ದೊಡ್ಡವರ ಕಡೆ ತಿರುಗಿ, "ಕ್ಷಮಿಸಿ, ನಾನು ಇವತ್ತು ನಿಮಗೆ ತೋರಿಸಿದ ಗೆರೆ ನಂಬೋ ಹಾಗಿಲ್ಲ. ಅಧ್ಯಯನವನ್ನು ಈಗಿಂದ ನಿಲ್ಲಿಸ್ತಾ ಇದೀನಿ" ಎಂದರು. ಆಮೇಲೆ ಹನಿಯಕ್ಕನ ಮುಖ ನೋಡದೆಯೇ, "ನೀನು ಮನೆಗೆ ಹೋಗು. ಫ್ರೀಜರ್ ಕೀಲಿ ಮೇಜಿನ ಮೇಲಿಡು" ಎಂದರು.

ಬೈದಿದ್ದರೆ ಎಷ್ಟೋ ಮೇಲಿತ್ತು.

ಅವಳ ಮನೆಯ ಮುಂಭಾಗದ ಕೋಣೆಯೇ ಗಂಡನ ಅಂಗಡಿ. ಹೊಲಿಗೆ ಯಂತ್ರ ರಿಪೇರಿ ಮಾಡುವುದು ಅವನ ಕಸುಬು. ಹೊತ್ತಲ್ಲದ ಹೊತ್ತಿನಲ್ಲಿ ಹೆಂಡತಿ ಬಂದದ್ದು ನೋಡಿ, ಎಣ್ಣೆ ಕೈ ಒರೆಸಿಕೊಂಡು ಹಿಂದೆಯೇ ಒಳಗೆ ಬಂದ. ಅವಳು ನಿಂತಲ್ಲೇ ಎಲ್ಲ ಹೇಳಿದಳು. ಮಂಚದ ಮೇಲೆ ಕೂತಿದ್ದ ಅತ್ತೆ ಬಟ್ಟೆ ಮಡಚುವುದನ್ನು ನಿಲ್ಲಿಸಿ ಕೇಳಿದರು.

"ಹಾಳೆ ತಂದುಕೊಡದವನು ಆ ಉಗ್ರಾಣದವನು. ನಿಂದೇನು ತಪ್ಪು?" ಎಂದ ಗಂಡ.

"ಮುಚ್ಚಳ ಹಾಕಿದ್ದು ಅವನಲ್ಲ ರೀ. ಮುಚ್ಚಳ ಹಾಕಿದೀನಿ ಅಂತ ಒಂದು ಸಾಲು ಬರೆದಿದ್ರೆ ಅವತ್ತೇ ಯಾರಾದ್ರೂ ಹಿಡೀತಿದ್ರು. ನಿಮಗೂ ಹೇಳಲಿಲ್ಲ ನಾನು. ನನ್ನ ಕೈ ಇದೆಯಲ್ಲ, ಏನೂ ಆಗಲ್ಲ ಅಂದ್ಕೊಂಡೆ."

ಗಂಡ ಏನೋ ಸಮಾಧಾನ ಹೇಳಲು ಬಾಯಿ ತೆರೆದ. ಅತ್ತೆ ತಡೆದರು.

"ಅದೆಲ್ಲ ಇರಲಿ. ಆ ಮನುಷ್ಯ ಬದುಕ್ತಾನಾ? ಅದು ಹೇಳು ಮೊದಲು."

"ಗೊತ್ತಿಲ್ಲ ಅತ್ತೆ."

ಮುದುಕಿ ಎದ್ದು ಹೋಗಿ ಒಲೆ ಹಚ್ಚಿದರು. ಆ ಸಂಜೆ ಸೊಸೆಗೆ ಕಾಫಿ ಮಾಡಿಕೊಟ್ಟದ್ದು ಅವರೇ, ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಎರಡನೆಯ ಸಲವೋ ಮೂರನೆಯ ಸಲವೋ.

ಸ್ಕ್ಯಾನಿನಲ್ಲಿ ಲೈನ್‌ಮ್ಯಾನ್‌ನ ಬಲ ಶ್ವಾಸಕೋಶದಲ್ಲಿ ಬೂಷ್ಟಿನ ಸೋಂಕು ಕಂಡಿತು. ಎಕ್ಸ್‌ರೇಗೆ ಕಾಣದಷ್ಟು ಚಿಕ್ಕದು, ಆದರೆ ಬೇರು ಬಿಟ್ಟಿತ್ತು. ಅವತ್ತು ನಾಲ್ಕನೇ ಡೋಸ್ ಒಳಗೆ ಹೋಗಿದ್ದರೆ ಆ ವಾರ ದಾಟುವುದು ಕಷ್ಟವಿತ್ತು ಎಂದು ಎದೆರೋಗದ ಡಾಕ್ಟರು ಹೇಳಿದರಂತೆ. ಡೋಸ್ ಹೋಗಲಿಲ್ಲ. ಹಾಗಂತ ಅವನು ಪಾರಾದನೆಂದೂ ಹೇಳುವಂತಿರಲಿಲ್ಲ. ಮೊದಲ ಮೂರು ಡೋಸುಗಳು ಮೈಯಲ್ಲಿ ಇದ್ದೇ ಇದ್ದವು.

ಡಾಕ್ಟ್ರಮ್ಮ ಮಾರನೆಯ ದಿನವೇ ಆ ಇಪ್ಪತ್ನಾಲ್ಕು ಟ್ಯೂಬುಗಳನ್ನೂ ಬೇರೆ ಪ್ರಯೋಗಾಲಯಕ್ಕೆ ಕಳಿಸಿದರು. ಜೋರಾದ ಔಷಧಿ ಪಡೆಯುತ್ತಿದ್ದ ಆ ಒಂಬತ್ತು ಜನರಲ್ಲಿ ಇಬ್ಬರ ಅಂಕಿ ನಿಜವಾಗಿಯೂ ಹೆಚ್ಚಿತ್ತು. ಉಳಿದ ಏಳು ಜನರಿಗೆ ಆ ಔಷಧಿ ಬೇಕೇ ಇರಲಿಲ್ಲ. ಆರು ಜನರಿಗೆ ನಿಲ್ಲಿಸಿದ್ದೇ ಸಾಕಾಯಿತು, ತೊಂದರೆಯೇನೂ ಆಗಲಿಲ್ಲ. ಏಳನೆಯವನೇ ಲೈನ್‌ಮ್ಯಾನ್.

ಮುಂದಿನ ದಿನಗಳಲ್ಲಿ ಹನಿಯಕ್ಕ ಗಾಜು ತೊಳೆಯುವ ಕೋಣೆಯಲ್ಲಿದ್ದಳು. ವಿಚಾರಣೆ ಮುಗಿಯುವತನಕ ಪಿಪೆಟ್ ಮುಟ್ಟುವಂತಿಲ್ಲ ಎಂದು ಆದೇಶ. ಬೆಳಿಗ್ಗೆ ಬಂದ ಕೂಡಲೇ ವಾರ್ಡಿಗೆ ಒಂದು ಫೋನು ಮಾಡುತ್ತಿದ್ದಳು. ರೋಗಿಯ ವಿಷಯ ಹೇಳುವಂತಿಲ್ಲವಾದ್ದರಿಂದ ಸಿಸ್ಟರ್ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದಳು. "ಹಾಗೇ ಇದೆ." ಐದನೆಯ ದಿನ, "ಆಕ್ಸಿಜನ್ ಹಾಕಿದಾರೆ." ಹನ್ನೊಂದನೆಯ ದಿನ, "ಇವತ್ತು ಕೇಳ್ಬೇಡಿ ಅಕ್ಕ." ಆ ದಿನ ಹನಿಯಕ್ಕನ ಕೈಯಿಂದ ಮೂರು ಫ್ಲಾಸ್ಕ್ ಜಾರಿ ಒಡೆದವು. ಹದಿನಾರನೆಯ ದಿನ, "ಕೂತ್ಕೊಂಡಿದಾನೆ, ಊಟ ಸರಿಯಿಲ್ಲ ಅಂತ ಜಗಳ ಮಾಡ್ತಿದಾನೆ." ಹನಿಯಕ್ಕ ಫೋನಿಟ್ಟು ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡು ಅತ್ತಳು.

ವಿಚಾರಣೆಗೆ ಮೂವರು ಕೂತಿದ್ದರು. ಉಗ್ರಾಣದವನು ಮೂಲೆಯ ಕುರ್ಚಿಯಲ್ಲಿ ಬೆವರುತ್ತಿದ್ದ. ಹನಿಯಕ್ಕ ಮೂರು ಬೇಡಿಕೆ ಚೀಟಿಗಳ ನಕಲನ್ನು ಮೇಜಿನ ಮೇಲಿಟ್ಟಳು.

"ಹಾಗಾದ್ರೆ ತಪ್ಪು ಉಗ್ರಾಣದ್ದು ಅಂತೀರಾ?" ಎಂದರು ನಡುವೆ ಕೂತಿದ್ದ ಹಿರಿಯರು.

"ಚೀಟಿ ಇರೋದು ನಿಜ, ಅದಕ್ಕೆ ಇಟ್ಟೆ. ಆದ್ರೆ ಹಾಳೆ ಇಲ್ಲ ಅಂದ್ರೆ ಕೆಲಸ ನಿಲ್ಲಿಸ್ಬೇಕಿತ್ತು. ನಿಲ್ಲಿಸಲಿಲ್ಲ. ಹೇಳ್ಬೇಕಿತ್ತು, ಹೇಳಲಿಲ್ಲ."

"ಯಾಕೆ ಹೇಳಲಿಲ್ಲ?"

"ನನ್ನ ಕೈಲಿ ತಪ್ಪಾಗಲ್ಲ ಅಂತ ಎಲ್ಲರೂ ಹೇಳೋರು ಸರ್. ನಾನೂ ನಂಬಿಬಿಟ್ಟಿದ್ದೆ."

ಆಗ ಯಾರೂ ಎದುರುನೋಡದ ಒಂದು ಸಂಗತಿ ನಡೆಯಿತು. ಗೋಡೆಗೆ ಒರಗಿ ನಿಂತಿದ್ದ ಅಂಕಿ ಮೇಷ್ಟ್ರು ಕನ್ನಡಕ ತೆಗೆದು, "ನಂದೂ ಬರ್ಕೊಳ್ಳಿ" ಎಂದರು. "ಆ ಮೂರು ಪ್ಲೇಟಲ್ಲಿ ಹೆಚ್ಚು ಅಂಕಿಯವರು ಇದ್ದಕ್ಕಿದ್ದ ಹಾಗೆ ಜಾಸ್ತಿ ಆಗಿದ್ದು ನನ್ನ ಕಣ್ಣಿಗೂ ಬಿದ್ದಿತ್ತು. ನಮ್ಮ ಅಧ್ಯಯನಕ್ಕೆ ಅಂಥೋರೇ ಬೇಕಾಗಿತ್ತು. ಒಳ್ಳೇದೇ ಆಯ್ತು ಅಂದ್ಕೊಂಡೆ, ಯಾಕೆ ಅಂತ ಕೇಳಲಿಲ್ಲ."

ಡಾಕ್ಟ್ರಮ್ಮ ಅವತ್ತು ಮಾತಾಡಲಿಲ್ಲ. ಮಾತಾಡಿದ್ದು ಎರಡು ತಿಂಗಳಾದ ಮೇಲೆ, ಗಾಜು ತೊಳೆಯುವ ಕೋಣೆಗೆ ತಾವೇ ಬಂದು. "ನಿನ್ನ ಮೇಲೆ ಸಿಟ್ಟು ಇನ್ನೂ ಇದೆ" ಎಂದರು ಬಾಗಿಲಲ್ಲೇ ನಿಂತು. "ಹನ್ನೊಂದು ವರ್ಷದ ಕೆಲಸ ನಂದು. ಅದೀಗ ಒಂದು ವರ್ಷ ಹಿಂದಕ್ಕೆ ಹೋಯ್ತು. ಆದ್ರೆ ಹಾಳೆ ಮುಗಿದಿದ್ದು ಹೇಳೋಕೆ ನೀನು ಹೆದರಿದೆಯಲ್ಲ, ಆ ಹೆದರಿಕೆ ಎಲ್ಲಿಂದ ಬಂತು ಅಂತ ನಾನೂ ಯೋಚನೆ ಮಾಡಿದೀನಿ." ಬಾಗಿಲಿಂದ ತಿರುಗುತ್ತ, "ಸೋಮವಾರದಿಂದ ಮೇಲೆ ಬಾ" ಎಂದು ಹೊರಟುಹೋದರು. ಅವಳ ಸೇವಾ ಪುಸ್ತಕದಲ್ಲಿ ಒಂದು ಎಚ್ಚರಿಕೆ ಬಿತ್ತು. ಕೆಲಸ ಉಳಿಯಿತು.

ಲೈನ್‌ಮ್ಯಾನ್ ನಲವತ್ತು ದಿನದ ಮೇಲೆ ಮನೆಗೆ ಹೋದ. ತಪ್ಪು ಹೇಗಾಯಿತೆಂದು ಏಳು ಜನರಿಗೂ ಆಸ್ಪತ್ರೆಯಿಂದ ಕಾಗದ ಹೋಗಿತ್ತು. ಅವನು ಮೂರನೆಯ ತಿಂಗಳ ತಪಾಸಣೆಗೆ ಬಂದ ದಿನ ಹನಿಯಕ್ಕ ಅನುಮತಿ ಕೇಳಿ ಕೆಳಗೆ ಹೋದಳು. ರಕ್ತ ತೆಗೆಯುವ ಕೋಣೆಯ ಬೆಂಚಿನಲ್ಲಿ ಅವನೂ ಅವನ ಹೆಂಡತಿಯೂ ಕೂತಿದ್ದರು. ಅಗಲ ಭುಜದ ಆಳು, ಅಂಗಿ ಮಾತ್ರ ಬೇರೆಯವರದ್ದೇನೋ ಎನ್ನುವಷ್ಟು ದೊಗಲೆಯಾಗಿ ತೂಗುತ್ತಿತ್ತು.

"ಆ ಕಾಗದದಲ್ಲಿ ಬರೆದಿತ್ತಲ್ಲ, ಪರೀಕ್ಷೆ ಮಾಡಿದೋರು ಅಂತ. ಅದು ನಾನೇ" ಎಂದಳು.

ಅವನು ಏನಾದರೂ ಹೇಳುವ ಮೊದಲೇ ಹೆಂಡತಿ ಎದ್ದು ನಿಂತಳು. ದನಿ ಏರಿಸಲಿಲ್ಲ. "ನಲವತ್ತು ದಿನ ನಾನು ಆ ವಾರ್ಡಿನ ಹೊರಗೆ ನೆಲದ ಮೇಲೆ ಮಲಗಿದೀನಿ. ಹಾಳೆ ಇಲ್ಲ ಅಂತ ಒಂದು ಮಾತು ಹೇಳೋದು ಅಷ್ಟು ಕಷ್ಟ ಆಗಿತ್ತಾ ನಿಮಗೆ?"

"ಕಷ್ಟ ಆಗಬಾರದಿತ್ತು" ಎಂದಳು ಹನಿಯಕ್ಕ.

ಹೆಂಡತಿ ಮುಖ ತಿರುಗಿಸಿಕೊಂಡು ಕಿಟಕಿಯ ಕಡೆ ಹೋದಳು. ಲೈನ್‌ಮ್ಯಾನ್ ಇವಳನ್ನೇ ನೋಡುತ್ತಿದ್ದ.

"ನನ್ನ ಅಂಕಿ ಈಗ ಎಷ್ಟು? ನಿಜವಾದ್ದು."

"ಅರವತ್ತರ ಆಸುಪಾಸು. ಎರಡು ಕಡೆ ಮಾಡ್ಸಿದಾರೆ, ಎರಡೂ ಒಂದೇ."

"ಅಂದ್ರೆ ಮೂತ್ರಪಿಂಡ ಹೋಗಲ್ವಾ?"

"ಹೋಗೋ ಸಾಧ್ಯತೆ ತುಂಬ ಕಡಿಮೆ ಅಂತಾರೆ ಡಾಕ್ಟ್ರು. ಮಾತ್ರೆ ಬಿಡಬಾರದು, ಮೂರು ತಿಂಗಳಿಗೊಂದ್ಸಲ ಬರ್ಬೇಕು."

ಅವನು ತನ್ನ ಅಂಗೈ ನೋಡಿಕೊಂಡ. "ಕಂಬ ಹತ್ತಬೇಡ ಅಂದಿದಾರೆ, ಉಸಿರು ಸಾಲಲ್ಲ. ಆಫೀಸಲ್ಲಿ ಕೂರಿಸಿ ದೂರು ಬರ್ಕೊಳ್ಳೋ ಕೆಲಸ ಕೊಟ್ಟಿದಾರೆ. ಬೆಳಿಗ್ಗೆಯಿಂದ ಸಂಜೆವರೆಗೆ ಜನರ ಹತ್ರ ಬೈಸ್ಕೊಳ್ಳೋದು. ಕರೆಂಟ್ ಹೋಗಿದ್ದಕ್ಕೆ ನಾನು ಕಾರಣ ಅಲ್ಲ ಅಂದ್ರೂ ಬಿಡಲ್ಲ. ನೀವು ಕಾರಣ, ಆದ್ರೂ ನಮ್ಮವಳು ಅಷ್ಟಕ್ಕೇ ಬಿಟ್ಟಳು." ನಗುತ್ತಿದ್ದಾನೋ ಇಲ್ಲವೋ ಎಂದು ಹನಿಯಕ್ಕನಿಗೆ ತಿಳಿಯಲಿಲ್ಲ. ಸಿಸ್ಟರ್ ಕರೆದಳು. ಅವನು ತೋಳು ಮಡಚುತ್ತ ಎದ್ದ. "ಈ ಸಲ ನಂದು ನಡುವೆ ಇಡಿ."

"ನಡುವೆಯೂ ಇಡ್ತೀವಿ, ಅಂಚಲ್ಲೂ ಇಡ್ತೀವಿ" ಎಂದಳು ಅವಳು. "ಈಗ ನಿಯಮ ಹಾಗೆ ಮಾಡಿದಾರೆ. ಎರಡು ಕಡೆ ಒಂದೇ ಬಂದ್ರೆ ಮಾತ್ರ ಬರೆಯೋದು."

ಅವನು ತಲೆಯಾಡಿಸಿ ಒಳಗೆ ಹೋದ.

ನಿಂತಿದ್ದ ಅಧ್ಯಯನ ಒಂಬತ್ತು ತಿಂಗಳ ಮೇಲೆ ಮತ್ತೆ ಶುರುವಾಯಿತು, ಅಂದುಕೊಂಡಷ್ಟು ದೊಡ್ಡದಾಗಿ ಅಲ್ಲ, ಅಲ್ಲೊಂದೇ ಕಡೆ. ಅಂತೂ ಮುಗಿದಾಗ ಆ ಪ್ರೋಟೀನು ಡಾಕ್ಟ್ರಮ್ಮ ನಂಬಿದ್ದಷ್ಟು ಬಲವಾದ ಸೂಚನೆ ಅಲ್ಲವೆಂದೂ, ಬೇರೆರಡು ಪರೀಕ್ಷೆಗಳ ಜೊತೆ ಸೇರಿದರೆ ಕೆಲಸಕ್ಕೆ ಬರುತ್ತದೆಂದೂ ಗೊತ್ತಾಯಿತು. ಡಾಕ್ಟ್ರಮ್ಮ ಅದನ್ನು ಹಾಗೆಯೇ ಬರೆದು ಪ್ರಕಟಿಸಿದರು. ಮೂರು ಪ್ಲೇಟುಗಳ ಕಥೆಯನ್ನು ಮುಚ್ಚಿಡದೆ ಅರ್ಧ ಪುಟದಲ್ಲಿ ಸೇರಿಸಿದರು.

ಹನಿಯಕ್ಕ ಈಗಲೂ ಎರಡನೇ ಮಹಡಿಯಲ್ಲೇ ಇದ್ದಾಳೆ. ಹೊಸಬರಿಗೆ ಕೆಲಸ ಕಲಿಸುವುದು ಅವಳ ಪಾಲಿಗೆ ಬಂದಿದೆ. ಮೊದಲ ದಿನ ಪಿಪೆಟ್ ಕೊಡುವುದಿಲ್ಲ, ಒಂದು ನೋಟ್‌ಬುಕ್ ಕೊಡುತ್ತಾಳೆ. ಕೈತಪ್ಪಿ ಏನಾದರೂ ಆದರೆ, ಏನಾದರೂ ಇಲ್ಲದೆ ಇನ್ನೇನೋ ಬಳಸಿದರೆ ಅದರಲ್ಲಿ ಬರೆಯಬೇಕು, ಸಂಜೆ ಎಲ್ಲರೆದುರು ಓದಬೇಕು. ಓದುವ ಸರದಿ ಶುರುವಾಗುವುದು ಅವಳಿಂದಲೇ. ಮೊನ್ನೆ ಅವಳು ಓದಿದ್ದು: "ಹನ್ನೊಂದು ಇಪ್ಪತ್ತಕ್ಕೆ ಮೂರನೇ ಸಾಲಿನ ಐದನೇ ಗುಳಿಗೆ ಎರಡು ಸಲ ಹಾಕಿದೆನೋ ಏನೋ, ಅನುಮಾನ. ಪ್ಲೇಟು ಎಸೆದಿದ್ದೇನೆ. ನಾಳೆ ಮತ್ತೆ ಮಾಡುತ್ತೇನೆ."